ಪವಲಕ್ಕಿಗೆ ಅರ್ಥ ಕೇಳಬೇಡಿ

ಕನ್ನಡದ ಮಕ್ಕಳ ಹಾಡುಗಳಲ್ಲಿ ಎಲ್ಲಕ್ಕಿಂತ ಪೆದ್ದು ಹಾಡು ಯಾವುದು? ಸಾಹಿತ್ಯ ಓದುವವರು ನಾಲ್ಕು ಜನ ಸೇರಿದ ಕಡೆ ಈ ಪ್ರಶ್ನೆ ಹಾಕಿ ನೋಡಿ. ನವೋದಯ ದೊಡ್ಡದೋ ನವ್ಯ ದೊಡ್ಡದೋ ಎಂಬ ಜಗಳ ಇದರ ಮುಂದೆ ಸಪ್ಪೆ. ಕುವೆಂಪು, ಬೇಂದ್ರೆ ಬಗ್ಗೆ ಮಾತಾಡುವಾಗ ತೂಕ ನೋಡಿ ಮಾತಾಡುವವರು ಕೂಡ ಇಲ್ಲಿ ತೋಳು ಮಡಚುತ್ತಾರೆ. ಪ್ರತಿಯೊಬ್ಬರಿಗೂ ತಮ್ಮದೇ ಒಬ್ಬ ಅಭ್ಯರ್ಥಿ. ಅದನ್ನು ಅವರು ಅಭಿಮಾನದಿಂದ ಹಾಡಿ, ಕೈಬೀಸಿ, ನಕ್ಕು ಸಮರ್ಥಿಸುತ್ತಾರೆ.

ಆದರೆ ಈ ಜಗಳದ ನಡುವೆ ಯಾರಾದರೊಬ್ಬರು ಗಂಟಲು ಸರಿಮಾಡಿಕೊಂಡು ಒಂದು ಮಾತು ಹೇಳುವುದು ಖಂಡಿತ: "ಅಲ್ಲ, ಇಂಥ ತಲೆಬುಡವಿಲ್ಲದ್ದನ್ನೆಲ್ಲ ಈಗಿನ ಮಕ್ಕಳಿಗೆ ಯಾಕೆ ಕಲಿಸಬೇಕು? ಏನಾದರೂ ಅರ್ಥಪೂರ್ಣವಾದದ್ದು ಕಲಿಸಬಾರದೆ?" ನನ್ನ ತಕರಾರು ಇವರ ಜೊತೆಗೆ. ಇವರು ಸಜ್ಜನರು, ಮಕ್ಕಳ ಹಿತ ಬಯಸುವವರು. ಹಾಗಾಗಿಯೇ ಇವರನ್ನು ಎದುರಿಸುವುದು ಕಷ್ಟ. ಈ ಲೇಖನದಲ್ಲಿ ನಾನು ಪೆದ್ದು ಹಾಡಿನ ಕಿರೀಟವನ್ನು ಒಂದು ಹಾಡಿನ ತಲೆಗೆ ಇಡುವವನಿದ್ದೇನೆ. ಅದು ಬೈಗುಳವಲ್ಲ, ಬಿರುದು ಎಂದು ವಾದಿಸುವವನೂ ಇದ್ದೇನೆ.

ಮೊದಲು ಸ್ಪರ್ಧಿಗಳನ್ನು ನೋಡೋಣ.

ಹೆಚ್ಚು ಮತ ಬೀಳುವುದು ಜಿ.ಪಿ. ರಾಜರತ್ನಂ ಅವರ ಊಟದ ಲೆಕ್ಕದ ಪದ್ಯಕ್ಕೆ. ಒಂದರಿಂದ ಹತ್ತರೊಳಗೆ ಎಲೆ ಹಾಕಿ, ಬಡಿಸಿ, ಉಂಡು, ಎಲೆ ಎತ್ತಿಸುವ ಪದ್ಯ ಗೊತ್ತಲ್ಲ, ಅದು. ಇದನ್ನು ನಾನು ಮೊದಲ ಸುತ್ತಿನಲ್ಲೇ ಹೊರಗೆ ಹಾಕುತ್ತೇನೆ. ಕಾರಣ, ಅದು ಶುದ್ಧ ವ್ಯವಹಾರದ ಪದ್ಯ. ಮದುವೆ ಮನೆಯ ಅಡುಗೆ ಭಟ್ಟರು ಸಹಾಯಕರಿಗೆ ಹೇಳುವ ಮಾತಿನಷ್ಟೇ ನೇರ. ಆದರೂ ಅದರಲ್ಲಿ ಎರಡು ಕಡೆ ನನಗೆ ಇಷ್ಟವಾಗುವ ಪೆದ್ದುತನ ಇದೆ. ಹಳೇ ಮೈಸೂರಿನ ಎಲೆಯ ಮೇಲೆ ಉಪ್ಪು, ಕೋಸಂಬರಿ, ಪಲ್ಯ ಮೊದಲು ಬಂದು ಕೂತಿರುತ್ತವೆ. ಅನ್ನ ಬರುವುದು ಆಮೇಲೆ. ಈ ಪದ್ಯದಲ್ಲಿ ಅನ್ನವೂ ಸಾರೂ ಬಂದುಹೋದ ಮೇಲೆ ಪಲ್ಯದ ಸರದಿ. ಯಾಕೆಂದರೆ ಎಂಟಕ್ಕೆ ಒಂದು ಪ್ರಾಸ ಬೇಕಿತ್ತು. ಮಜ್ಜಿಗೆಯಂತೂ ಬರುವುದೇ ಇಲ್ಲ, ಅಷ್ಟರಲ್ಲಿ ಅಂಕಿ ಮುಗಿದು ಎಲೆ ಎತ್ತಿಯಾಗಿರುತ್ತದೆ. ಮಜ್ಜಿಗೆ ಇಲ್ಲದೆ ಊಟ ಮುಗಿಸುವ ಈ ಪದ್ಯವನ್ನು ಮಜ್ಜಿಗೆ ಇಲ್ಲದೆ ಏಳದ ಮನೆಗಳಲ್ಲೂ ತಲೆಮಾರುಗಳಿಂದ ಹಾಡುತ್ತಿದ್ದಾರೆ, ಯಾರೂ ದೂರಿಲ್ಲ. ಪ್ರಾಸದ ಮುಂದೆ ಪದ್ಧತಿ ಸೋತದ್ದನ್ನು ಮಕ್ಕಳು ಮೊದಲು ಕಲಿಯುವುದು ಇಲ್ಲಿ.

ಎರಡನೆಯ ಸ್ಪರ್ಧಿ ಅವರದೇ ನಾಯಿಮರಿ. ಇದನ್ನು ಪೆದ್ದು ಎನ್ನುವವರು ಒಮ್ಮೆ ಗಮನವಿಟ್ಟು ಕೇಳಬೇಕು. ಇದು ನೌಕರಿಯ ಸಂದರ್ಶನ. ಕೂಳು ಕೊಡುವವರು ಪ್ರಶ್ನೆ ಕೇಳುತ್ತಾರೆ, ಮರಿ ಉತ್ತರ ಕೊಡುತ್ತದೆ. ತಿಂಡಿ ಏಕೆ ಬೇಕು, ಕಳ್ಳ ಬಂದರೆ ಏನು ಮಾಡುತ್ತೀ ಎಂದು ವಿಚಾರಿಸಿ, ಉತ್ತರ ಸರಿ ಬಂದ ಮೇಲೆಯೇ ತಿಂಡಿ. ಈ ಮಾಲೀಕರ ವ್ಯವಹಾರ ಜ್ಞಾನದಲ್ಲಿ ಕೊರತೆಯೇನೂ ಇಲ್ಲ. ಮರಿಗೆ ತಿಂಡಿಯ ಜೊತೆ ತೀರ್ಥವೂ ಬೇಕಂತೆ, ಅದೊಂದೇ ನಗು ತರಿಸುವುದು.

ಮೂರನೆಯದು ತುತ್ತೂರಿ. ಕಾಸು ಕೊಟ್ಟು ತಗಡಿನ ತುತ್ತೂರಿ ಕೊಂಡ ಹುಡುಗ ತನ್ನ ಬಳಿ ಮಾತ್ರ ಅದಿದೆ ಎಂದು ಬೀಗುತ್ತಾನೆ. ಕೊಳದ ಬಳಿ ತುತ್ತೂರಿ ಜಾರುತ್ತದೆ, ನೀರುಪಾಲು, ಜಂಬಕ್ಕೆ ಶಾಸ್ತಿ. ಅರ್ಥಪೂರ್ಣವಾದದ್ದು ಬೇಕು ಎನ್ನುವವರಿಗೆ ಇದು ಅಚ್ಚುಮೆಚ್ಚು, ನೀತಿ ಇದೆಯಲ್ಲ! ಆದರೆ ಈ ಪದ್ಯ ಹಾಡುವ ಮಗುವನ್ನು ನೋಡಿ. ಅದರ ಮುಖ ಅರಳುವುದು ಸಪ್ತಸ್ವರ ಏರಿ ಇಳಿಯುವ ಕಡೆ. ಜಾತ್ರೆಯ ತಗಡಿನ ತುತ್ತೂರಿಯಲ್ಲಿ ಏಳು ಸ್ವರವೂ ಆರೋಹಣ ಅವರೋಹಣ ಸಹಿತ ನುಡಿಯುತ್ತವೆ ಎಂಬುದೇ ಈ ಪದ್ಯದ ದೊಡ್ಡ ಸುಳ್ಳು, ದೊಡ್ಡ ಸುಖ. ನೀತಿ ಕೊನೆಗೆ ಬರುತ್ತದೆ, ಹಬ್ಬದ ದಿನ ಊಟಕ್ಕೆ ಕೂತಾಗ ಬಂದ ನೆಂಟರ ಹಾಗೆ. ಮಗು ಅದಕ್ಕೂ ಒಂದು ಎಲೆ ಹಾಕುತ್ತದೆ ಅಷ್ಟೆ.

ನಾಲ್ಕನೆಯದು ಪಂಜೆ ಮಂಗೇಶರಾಯರ ನಾಗರಹಾವು. ಹಾವಿಗೆ ಕೈಮುಗಿದು, ಹಾಲು ಕೊಡುತ್ತೇನೆ ಎಂದು ಕರೆಯುವ ಪದ್ಯ. "ಹಾವು ಹಾಲು ಕುಡಿಯುವುದಿಲ್ಲ, ಇದು ಅವೈಜ್ಞಾನಿಕ" ಎಂದು ಆಕ್ಷೇಪ ತೆಗೆಯುವವರನ್ನು ನಾನು ಬಲ್ಲೆ. ಹಾವಿಗೆ ಹಾಲು ಆಹಾರವಲ್ಲ ಎಂಬ ಮಾತು ನಿಜ. ಆದರೆ ಪಂಜೆಯವರು ಬರೆದದ್ದು ಉರಗಶಾಸ್ತ್ರವಲ್ಲ. ಹೆದರಿಕೆಯೂ ಬೆರಗೂ ಒಟ್ಟಿಗೆ ಹುಟ್ಟಿದಾಗ ಮಗು ಹಾವಿಗೆ ಒಂದು ಉಸಿರಿನಲ್ಲಿ ಬಾ ಎನ್ನುತ್ತದೆ, ಇನ್ನೊಂದು ಉಸಿರಿನಲ್ಲಿ ಹೋಗು ಎನ್ನುತ್ತದೆ. ಆ ಅನುಭವ ಪಕ್ಕಾ. ಆದ್ದರಿಂದ ಇದೂ ಪೆದ್ದು ಹಾಡಲ್ಲ. 1874ರಿಂದ 1937ರವರೆಗೆ ಬದುಕಿ, ಶಾಲೆಗಳ ತಪಾಸಣೆಯ ಕೆಲಸವನ್ನೂ ಮಾಡಿದ ಪಂಜೆಯವರಿಗೆ ಪಾಠಕ್ಕೂ ಪದ್ಯಕ್ಕೂ ಇರುವ ವ್ಯತ್ಯಾಸ ನಮಗಿಂತ ಚೆನ್ನಾಗಿ ಗೊತ್ತಿತ್ತು.

ಇನ್ನು ಹೆಸರಿಲ್ಲದವರು ಕಟ್ಟಿದ ಹಾಡುಗಳು. ನಾನು ಕಲಿತ ಪಾಠದಲ್ಲಿ ಬಿಜಾಪುರದ ಆನೆಯೊಂದು ದಾರಿ ತಪ್ಪಿ ನಮ್ಮೂರಿಗೆ ಬರುತ್ತದೆ. ಬಿಜಾಪುರದ ಆನೆಗೆ ನಮ್ಮೂರಿನ ದಾರಿ ಯಾಕೆ ಬೇಕಿತ್ತು, ಮಾವುತ ಎಲ್ಲಿ ಹೋಗಿದ್ದ ಎಂದು ಯಾರೂ ಕೇಳುವುದಿಲ್ಲ. ಇದು ಅಂತಿಮ ಸುತ್ತಿಗೆ ಬರಬೇಕಾದ ಹಾಡೇ. ಆದರೆ ಇಲ್ಲೂ ಒಂದು ಆನೆ, ಒಂದು ಊರು, ಒಂದು ಕಾರಣ ಇದೆ. ಪತ್ರಿಕೆಯವರು ಮನಸ್ಸು ಮಾಡಿದರೆ ಇದರಿಂದ ಒಂದು ವರದಿ ಬರೆಯಬಹುದು.

ಹಾಗಾಗಿ ಕಿರೀಟ ಹೋಗಬೇಕಾದದ್ದು ಅವಲಕ್ಕಿ ಪವಲಕ್ಕಿಗೆ. ಇದರಿಂದ ಯಾರೂ ವರದಿ ಬರೆಯಲಾರರು.

ಈ ಪದದ ಮೊದಲ ಹೆಜ್ಜೆ ನಿಘಂಟಿನಲ್ಲಿದೆ, ನಡುವೆ ಒಂದು ಕಡೆ ಚಿನ್ನದ ನೆನಪು ತರುವ ಒಂದು ಶಬ್ದ ಇಣುಕುತ್ತದೆ. ಉಳಿದದ್ದೆಲ್ಲ ಸದ್ದು. ಆದರೆ ಅದರ ನಿಜವಾದ ಪ್ರತಿಭೆ ಎರಡನೆಯ ಪದದಲ್ಲೇ ಇದೆ. ಕನ್ನಡದಲ್ಲಿ ಒಂದು ಪದಕ್ಕೆ ಜೊತೆ ಕಟ್ಟುವ ರೂಢಿ ಎಲ್ಲರಿಗೂ ಗೊತ್ತು: ಕಾಫಿ ಗೀಫಿ, ಪುಸ್ತಕ ಗಿಸ್ತಕ, ಮದುವೆ ಗಿದುವೆ. ಮೊದಲ ಅಕ್ಷರ ತೆಗೆದು "ಗಿ" ಅಥವಾ "ಗೀ" ಹಾಕಿದರೆ ಆಯಿತು. ನಿಯಮದ ಪ್ರಕಾರ ಅವಲಕ್ಕಿಯ ಜೊತೆ ಬರಬೇಕಾದದ್ದು ಗಿವಲಕ್ಕಿ. ದೊಡ್ಡವರು ಹಾಗೆಯೇ ಹೇಳುತ್ತಾರೆ: "ಅವಲಕ್ಕಿ ಗಿವಲಕ್ಕಿ ಏನಾದರೂ ಇದೆಯೇನೇ?" ಅಲ್ಲಿ ಆ "ಗಿ"ಗೆ ಅರ್ಥ ಇದೆ. ಅಂಥದ್ದು ಇಂಥದ್ದು, ವಗೈರೆ, ಏನಾದರೂ ಸರಿ ಎಂದು. ಸ್ವಲ್ಪ ಉದಾಸೀನವೂ ಅದರಲ್ಲಿದೆ. "ಕವಿತೆ ಗಿವಿತೆ ಬರೆಯುತ್ತಾನಂತೆ" ಎಂದರೆ ಕವಿಗೆ ಮರ್ಯಾದೆ ಕೊಟ್ಟಂತಲ್ಲ.

ಮಕ್ಕಳು ಆ "ಗಿ"ಯನ್ನು ತೆಗೆದುಕೊಳ್ಳಲಿಲ್ಲ. ಪವಲಕ್ಕಿ ಎಂದರು. ಪವಲಕ್ಕಿ ಎಂದರೆ ವಗೈರೆ ಅಲ್ಲ, ಉದಾಸೀನ ಅಲ್ಲ, ಏನೂ ಅಲ್ಲ. ತುಟಿ ಕೂಡಿಸಿ ಫಟ್ಟನೆ ಬಿಡಬೇಕು, ಆ ಸುಖಕ್ಕೆ ಹುಟ್ಟಿದ ಪದ ಅದು. ದೊಡ್ಡವರ ವ್ಯಾಕರಣದಲ್ಲಿ ಅರ್ಥವಿಲ್ಲದ ಮಾತಿಗೂ ಒಂದು ನಿಯಮ ಇರುವುದನ್ನು ಕಂಡು, ಆ ನಿಯಮವನ್ನೂ ಮುರಿದು ಒಂದು ಹೆಜ್ಜೆ ಮುಂದೆ ಹೋದ ಹಾಡಿದು. ನಾವು ಕಾವ್ಯಮೀಮಾಂಸೆ ಓದಿ ಭಾಷೆಯ ಉಲ್ಲಂಘನೆ ಎಂದು ಯಾವುದನ್ನು ಕರೆಯುತ್ತೇವೋ ಅದನ್ನು ಅಂಗಳದಲ್ಲಿ ಕೂತ ಮಕ್ಕಳು ಎರಡನೆಯ ಪದದಲ್ಲೇ ಮುಗಿಸಿರುತ್ತಾರೆ.

"ಸರಿ, ಇದರಿಂದ ಮಗು ಏನು ಕಲಿಯಿತು?" ಎಂದು ನಮ್ಮ ಸಜ್ಜನರು ಕೇಳುತ್ತಾರೆ. ಈ ಪ್ರಶ್ನೆಗೆ ನಾನು ಉತ್ತರ ಕೊಡಬಾರದು. ಕೊಟ್ಟರೆ ಅವರ ಆಟವನ್ನು ಒಪ್ಪಿಕೊಂಡಂತೆ. ಆದರೂ ಒಂದು ಕೊಡುತ್ತೇನೆ, ಯಾಕೆಂದರೆ ಅದು ಅವರು ನಿರೀಕ್ಷಿಸದ ಉತ್ತರ. ಈ ಹಾಡಿನಿಂದ ಮಕ್ಕಳಿಗೆ ನ್ಯಾಯ ಸಿಗುತ್ತದೆ.

ಮಕ್ಕಳು ಸುತ್ತ ಕೂತು ಅಂಗೈ ನೆಲಕ್ಕೆ ಊರುತ್ತಾರೆ. ಒಬ್ಬರು ಒಂದೊಂದು ಕೈ ಮುಟ್ಟುತ್ತ ಪದ ಹೇಳುತ್ತಾರೆ. ಕೊನೆಯ ಸದ್ದು ಯಾರ ಕೈಮೇಲೆ ಬಿತ್ತೋ ಆ ಕೈ ಹೊರಗೆ. ಈಗ ಯೋಚಿಸಿ, ಆ ಪದದಲ್ಲಿ ಅರ್ಥ ಇದ್ದಿದ್ದರೆ? "ಒಳ್ಳೆಯ ಹುಡುಗ" ಎಂಬ ಮಾತು ಒಬ್ಬನ ಕೈಮೇಲೆ, "ಸೋಮಾರಿ" ಎಂಬುದು ಇನ್ನೊಬ್ಬಳ ಕೈಮೇಲೆ ಬಿದ್ದು ಅಲ್ಲೇ ಹೊಡೆದಾಟ. ಪದಕ್ಕೆ ಅರ್ಥವಿಲ್ಲ, ಹಾಗಾಗಿ ಪಕ್ಷಪಾತವೂ ಇಲ್ಲ. ಗೌಡರ ಮಗನ ಕೈಗೂ ಆಳಿನ ಮಗಳ ಕೈಗೂ ಅದು ಒಂದೇ ಸದ್ದು ಮಾಡುತ್ತದೆ. ಲೆಕ್ಕ ಬಲ್ಲವರು ಇದು ಪೂರ್ತಿ ಅದೃಷ್ಟವಲ್ಲ ಎಂದು ಹೇಳಬಹುದು. 12 ಎಣಿಕೆಯ ಪದವನ್ನು 5 ಕೈಗಳ ಮೇಲೆ ಹೇಳಿದರೆ ಅದು ಪ್ರತಿಸಲ ಎರಡನೆಯ ಕೈಮೇಲೇ ನಿಲ್ಲುತ್ತದೆ. ಹೀಗೆ ಸುತ್ತು ಕೂತವರಲ್ಲಿ ಎಣಿಸಿ ಎಣಿಸಿ ಹೊರಗೆ ಹಾಕುತ್ತ ಹೋದರೆ ಕೊನೆಗೆ ಉಳಿಯುವವರು ಯಾರು ಎಂಬುದು ಗಣಿತದಲ್ಲಿ ಜೋಸೆಫಸ್ ಸಮಸ್ಯೆ ಎಂದೇ ಹೆಸರಾಗಿದೆ. ಚಾಲಾಕಿ ಮಕ್ಕಳಿಗೆ ಅದರ ಹೆಸರು ಗೊತ್ತಿಲ್ಲದಿದ್ದರೂ ಗುಟ್ಟು ಗೊತ್ತು. ಒಂದು ಸದ್ದನ್ನು ಎಳೆದು ಎರಡು ಮಾಡಿ ತಮ್ಮ ಕೈ ಉಳಿಸಿಕೊಳ್ಳುತ್ತಾರೆ, ಉಳಿದವರು ಅದನ್ನು ಹಿಡಿದು ಜಗಳ ತೆಗೆಯುತ್ತಾರೆ. ನೀತಿಪದ್ಯ ಬಾಯಿಪಾಠ ಮಾಡಿಸಿದರೆ ಇಷ್ಟೆಲ್ಲ ನಡೆಯುತ್ತಿತ್ತೇ?

ಅರ್ಥದ ಹಸಿವು ನಮ್ಮಲ್ಲಿ ಮಾತ್ರ ಇರುವ ಕಾಯಿಲೆಯಲ್ಲ. ಇಂಗ್ಲಿಷಿನಲ್ಲಿ ಮಕ್ಕಳು ಕೈಹಿಡಿದು ಸುತ್ತಿ ಕೊನೆಗೆ ನೆಲಕ್ಕೆ ಬೀಳುವ ಗುಲಾಬಿಯ ಹಾಡಿದೆ. ಅದು 1665ರ ಲಂಡನ್ ಪ್ಲೇಗಿನ ಹಾಡು, ಗುಲಾಬಿ ಎಂದರೆ ಮೈಮೇಲಿನ ಕೆಂಪು ಗುಳ್ಳೆ, ಬೀಳುವುದೆಂದರೆ ಸಾವು ಎಂದು ಈಗ ಎಲ್ಲರೂ ಹೇಳುತ್ತಾರೆ. ಆ ಹಾಡು ಇಂಗ್ಲೆಂಡಿನಲ್ಲಿ ಅಚ್ಚಿನಲ್ಲಿ ಕಾಣಿಸಿಕೊಂಡದ್ದು 1881ರಲ್ಲಿ, ಕೇಟ್ ಗ್ರೀನವೇ ಪುಸ್ತಕದಲ್ಲಿ. ಪ್ಲೇಗಿನ ಕತೆ ಅದಕ್ಕೆ ಅಂಟಿಕೊಂಡದ್ದು ಇಪ್ಪತ್ತನೆಯ ಶತಮಾನದಲ್ಲಿ. ಶಿಶುಪ್ರಾಸಗಳ ದೊಡ್ಡ ಕೋಶವನ್ನು 1951ರಲ್ಲಿ ಹೊರತಂದ ಐಯೋನಾ ಮತ್ತು ಪೀಟರ್ ಓಪಿ ದಂಪತಿ ಈ ವಿವರಣೆಯನ್ನು ಒಪ್ಪಲಿಲ್ಲ. ಆದರೂ ಕತೆ ಸಾಯುವುದಿಲ್ಲ. ಮಕ್ಕಳು ಬೀಳುವುದು ಬೀಳುವ ಖುಷಿಗೆ ಎಂದು ಒಪ್ಪಿಕೊಳ್ಳುವುದಕ್ಕಿಂತ ಹೆಣಗಳನ್ನು ಎಣಿಸುವುದು ದೊಡ್ಡವರಿಗೆ ಸುಲಭ.

ರಷ್ಯಾದಲ್ಲಿ ಇದು ಇನ್ನೂ ಗಂಭೀರವಾಯಿತು. ಕೊರ್ನೇಯ್ ಚುಕೋವ್ಸ್ಕಿ ಬರೆದ ಪದ್ಯಕಥೆಯಲ್ಲಿ ಮೊಸಳೆಯೊಂದು ಪೆತ್ರೊಗ್ರಾದಿನ ಬೀದಿಯಲ್ಲಿ ಸಿಗರೇಟು ಸೇದುತ್ತ ಓಡಾಡುತ್ತದೆ. 1928ರ ಫೆಬ್ರುವರಿಯಲ್ಲಿ ಲೆನಿನ್ ಅವರ ಪತ್ನಿ ಕ್ರುಪ್ಸ್ಕಾಯಾ "ಪ್ರಾವ್ದಾ"ದಲ್ಲಿ ಇದರ ಮೇಲೆ ದಾಳಿ ಮಾಡಿದರು. ಮಗುವಿಗೆ ಮೊಸಳೆಯ ನಿಜವಾದ ಬದುಕಿನ ವಿವರ ಸಿಗಬೇಕಾದ ಕಡೆ ಅಸಂಬದ್ಧ ಸಿಗುತ್ತಿದೆ ಎಂಬುದು ಅವರ ದೂರು. ಗೋರ್ಕಿ ಕವಿಯ ಪರ ಪತ್ರ ಬರೆಯಬೇಕಾಯಿತು. ನಮ್ಮ "ಹಾವು ಹಾಲು ಕುಡಿಯುವುದಿಲ್ಲ" ಪಂಗಡಕ್ಕೆ ಎಷ್ಟು ದೊಡ್ಡ ಬಳಗ ಇದೆ ನೋಡಿ!

ಚುಕೋವ್ಸ್ಕಿ ಇದಕ್ಕೆ ಕೊಟ್ಟ ಉತ್ತರ ಎರಡರಿಂದ ಐದು ವರ್ಷದ ಮಕ್ಕಳ ಮಾತನ್ನು ಕುರಿತ ಅವರ ಪುಸ್ತಕದಲ್ಲಿದೆ. ಮಗು ತಲೆಕೆಳಗಾದ ಲೋಕ ಕಂಡು ನಗುವುದು ಸರಿಯಾದ ಲೋಕ ಅದಕ್ಕೆ ಗೊತ್ತಿರುವುದರಿಂದ ಎಂಬುದು ಅದರ ಸಾರ. ಹಸು ಬೌಬೌ ಎಂದಿತು ಎಂದರೆ ಹಸು ಏನು ಎನ್ನುತ್ತದೆ ಎಂದು ಗೊತ್ತಿರುವ ಮಗುವಿಗೆ ಮಾತ್ರ ನಗು ಬರುತ್ತದೆ. ಆ ನಗುವಿನಲ್ಲಿ "ನನಗೆ ಗೊತ್ತು, ನೀನು ನನಗೆ ಟೋಪಿ ಹಾಕಲಾರೆ" ಎಂಬ ಗೆಲುವಿದೆ.

ಕನ್ನಡದವರಾದ ನಮಗಂತೂ ಈ ಪಾಠ ಹೊರಗಿನಿಂದ ಬರಬೇಕಿಲ್ಲ. ಶಿಶುನಾಳ ಷರೀಫರ ಒಂದು ಪದದಲ್ಲಿ ಕೋಳಿ ಕೋತಿಯನ್ನು ನುಂಗುತ್ತದೆ, ಆಡು ಆನೆಯನ್ನು ನುಂಗುತ್ತದೆ. ಅದನ್ನು ಕೇಳಿ ನಾವು ಕಣ್ಣುಮುಚ್ಚಿ ತಲೆದೂಗುತ್ತೇವೆ, ಆಹಾ ಎಂಥ ತತ್ವ ಎನ್ನುತ್ತೇವೆ. ಅಲ್ಲಮನ ಬೆಡಗಿನ ವಚನಗಳ ಮೇಲೆ ಸಂಶೋಧನೆಗಳಾಗಿವೆ, ಕನಕದಾಸರ ಮುಂಡಿಗೆಗೆ ಟೀಕೆಗಳಿವೆ. ಅದೇ ಮಾತನ್ನು ಮೂರು ವರ್ಷದ ಮಗು ಹೇಳಿದರೆ "ಹಾಗೆಲ್ಲ ಹೇಳಬಾರದು ಪುಟ್ಟಿ, ಆಡು ಆನೆಯನ್ನು ನುಂಗಲ್ಲ" ಎಂದು ತಿದ್ದುತ್ತೇವೆ. ಅಸಂಬದ್ಧ ಮಾತಾಡಲು ಕನ್ನಡದಲ್ಲಿ ಗಡ್ಡ ಬೆಳೆದಿರಬೇಕು ಎಂಬ ನಿಯಮ ಎಲ್ಲಿದೆ?

ಒಂದು ಆಕ್ಷೇಪಣೆಗೆ ಮಾತ್ರ ನಾನು ತಲೆಬಾಗುತ್ತೇನೆ. "ಮಕ್ಕಳ ಹಾಡು ಎಂದು ನೀವು ಕೊಂಡಾಡುವುದರಲ್ಲಿ ಕುಂಟನನ್ನು, ಕುರುಡನನ್ನು, ಕಪ್ಪು ಮೈಬಣ್ಣದವರನ್ನು, ಜಾತಿಯನ್ನು ಹಂಗಿಸುವ ಪದಗಳೂ ಇವೆಯಲ್ಲ?" ಇವೆ. ಅವು ಬೀದಿಯಲ್ಲಿ ಕಲ್ಲಿನ ಹಾಗೆ ಹಾರಾಡಿವೆ, ತಗುಲಿದವರಿಗೆ ಗಾಯವೂ ಆಗಿದೆ. ಆದರೆ ಅವು ನನ್ನ ಸ್ಪರ್ಧೆಯಲ್ಲಿ ಭಾಗವಹಿಸಲು ಅರ್ಹವೇ ಅಲ್ಲ. ಅವುಗಳಲ್ಲಿ ಅರ್ಥ ಕಡಿಮೆಯಾಗಿಲ್ಲ, ಜಾಸ್ತಿಯಾಗಿದೆ. ಯಾರನ್ನು ನೋಡಿ ಹಾಡಬೇಕೆಂದು ಅವಕ್ಕೆ ಸ್ಪಷ್ಟವಾಗಿ ಗೊತ್ತು. ಪವಲಕ್ಕಿಗೆ ಬೆರಳು ತೋರಿಸಲು ಬರುವುದಿಲ್ಲ. ಹಂಗಿಸುವ ಪದಗಳನ್ನು ಬಿಟ್ಟುಬಿಡೋಣ, ನಾನೂ ಕೈಜೋಡಿಸುತ್ತೇನೆ. ಆದರೆ ಆ ನೆಪದಲ್ಲಿ ಪೆದ್ದು ಹಾಡುಗಳನ್ನೂ ಗುಡಿಸಿ ಹಾಕಬೇಡಿ.

ಇಷ್ಟಕ್ಕೂ ಇದು ಬರೀ ತಮಾಷೆಯ ಜಗಳವಾಗಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಇವತ್ತಿನ ನಗರದ ಮಗುವಿನ ದಿನಚರಿ ನೋಡಿ. ನರ್ಸರಿಯಲ್ಲಿ ಕುಣಿಯುವುದು, ಬೀಳುವುದು, ಚಪ್ಪಾಳೆ ಹೊಡೆಯುವುದು ಎಲ್ಲ ಇಂಗ್ಲಿಷಿನಲ್ಲಿ. ಮನೆಗೆ ಬಂದರೆ ಕನ್ನಡದಲ್ಲಿ ಸಿಗುವುದು "ಕೈ ತೊಳಿ", "ಹೋಮ್‌ವರ್ಕ್ ಮಾಡು", "ಅಜ್ಜಿಗೆ ನಮಸ್ಕಾರ ಮಾಡು". ನವೆಂಬರಿನಲ್ಲಿ ವೇದಿಕೆಗೆ ಹತ್ತಿಸಿ ನಾಡಭಕ್ತಿಯ ಪದ್ಯ ಹೇಳಿಸುತ್ತೇವೆ, ಉಚ್ಚಾರ ತಪ್ಪಿದರೆ ತಿದ್ದುತ್ತೇವೆ. ಆಟಕ್ಕೆ ಒಂದು ಭಾಷೆ, ಶಿಸ್ತಿಗೆ ಇನ್ನೊಂದು. ದೊಡ್ಡದಾದ ಮೇಲೆ ಮಗು ಯಾವುದನ್ನು ಹಚ್ಚಿಕೊಂಡೀತು, ಯಾವುದರಿಂದ ತಪ್ಪಿಸಿಕೊಂಡೀತು? ದೂರದ ದೇಶಗಳಲ್ಲಿ ವಾರಕ್ಕೊಂದು ದಿನ ಕನ್ನಡ ತರಗತಿ ನಡೆಸುವ ತಂದೆತಾಯಿಯರಿಗೆ ಈ ಪ್ರಶ್ನೆ ಇನ್ನೂ ಹತ್ತಿರದ್ದು. ಅಲ್ಲಿ ಕನ್ನಡ ಅಂದರೆ ಭಾನುವಾರದ ಇನ್ನೊಂದು ಪಾಠ.

"ಇಂಗ್ಲಿಷ್ ಹಾಡೂ ಅದಕ್ಕೆ ಅರ್ಥವಾಗುವುದಿಲ್ಲ, ಪವಲಕ್ಕಿಯೂ ಅರ್ಥವಾಗುವುದಿಲ್ಲ, ಏನು ವ್ಯತ್ಯಾಸ?" ಎಂದು ಕೇಳಬಹುದು. ವ್ಯತ್ಯಾಸ ದೊಡ್ಡದಿದೆ. ಅರ್ಥವಾಗದ್ದು ಬೇರೆ, ಅರ್ಥವಿಲ್ಲದ್ದು ಬೇರೆ. ಸೇತುವೆ ಕುಸಿಯುವ ಲಂಡನ್ನನ್ನು ಹಾಡುವ ದಾವಣಗೆರೆಯ ಮಗುವಿಗೆ ಆ ಮಾತುಗಳಲ್ಲಿ ಏನೋ ಇದೆ, ತನಗೆ ಸಿಗುತ್ತಿಲ್ಲ ಅಷ್ಟೆ. ಅದು ಬಾಗಿಲ ಹೊರಗೆ ನಿಂತು ಹಾಡುತ್ತದೆ. ಅವಲಕ್ಕಿ ಎಂದರೆ ಏನೆಂದು ತಿಂದು ಗೊತ್ತಿರುವ ಮಗು ಪವಲಕ್ಕಿ ಎಂದಾಗ ಆ ಪದದಲ್ಲಿ ತಿನ್ನುವಂಥದ್ದು ಏನೂ ಇಲ್ಲ ಎಂಬುದು ಅದಕ್ಕೆ ಗೊತ್ತು. ಅದು ಮನೆಯ ಒಳಗೆ ನಿಂತು ನಗುತ್ತಿದೆ. ಒಂದು ಭಾಷೆಯಲ್ಲಿ ಪೆದ್ದುಪೆದ್ದಾಗಿ ಆಡುವ ಧೈರ್ಯ ಬಂತೆಂದರೆ ಆ ಭಾಷೆ ನಮ್ಮದಾಯಿತು ಎಂದು ಅರ್ಥ. ತಪ್ಪಾದೀತೆಂಬ ಭಯದಲ್ಲಿ ಆಡುವ ಭಾಷೆ ಎಷ್ಟು ಶುದ್ಧವಾಗಿದ್ದರೂ ಬಾಡಿಗೆಯದೇ.

ಬಂಗಾಳಿಗಳು ಇದನ್ನು ನೂರು ವರ್ಷದ ಹಿಂದೆಯೇ ಕಂಡುಕೊಂಡರು. ಸುಕುಮಾರ್ ರಾಯ್ ಅವರ "ಆಬೋಲ್ ತಾಬೋಲ್" 1923ರಲ್ಲಿ, ಅವರು ತೀರಿಕೊಂಡ ಕೆಲವೇ ದಿನಗಳ ಮೇಲೆ ಹೊರಬಂತು. ಅದರಲ್ಲಿ ಬಾತುಕೋಳಿಯೂ ಮುಳ್ಳುಹಂದಿಯೂ ವ್ಯಾಕರಣಕ್ಕೆ ಸೊಪ್ಪು ಹಾಕದೆ ಬೆರೆತು ಹಾಂಸ್‌ಜಾರು ಎಂಬ ಪ್ರಾಣಿಯಾಗುತ್ತವೆ. ಅಲ್ಲಿ ಅದು ಸಾಹಿತ್ಯ ಚರಿತ್ರೆಯ ಅಡಿಟಿಪ್ಪಣಿಯಲ್ಲ, ಮನೆಮಾತು. ನಮ್ಮಲ್ಲಿ ರಾಜರತ್ನಂ ಅವರನ್ನು ನೆನೆಯುವಾಗ ರತ್ನನ ಪದಗಳನ್ನು ಸಾಹಿತ್ಯದ ಕಪಾಟಿನಲ್ಲೂ ನಾಯಿಮರಿಯನ್ನು ಆಟಿಕೆಯ ಬುಟ್ಟಿಯಲ್ಲೂ ಇಡುತ್ತೇವೆ. ಕುಡುಕನ ನಾಲಿಗೆ ಹಿಡಿದವರೇ ಮಗುವಿನ ನಾಲಿಗೆಯನ್ನೂ ಹಿಡಿದರು ಎಂಬುದನ್ನು ಯಾವ ಪಠ್ಯದಲ್ಲಿ ಓದಿದ್ದೀರಿ? ಎರಡೂ ಕಡೆ ಅವರು ಮಾಡಿದ ಕೆಲಸ ಒಂದೇ: ಶಿಷ್ಟ ಕನ್ನಡದ ಇಸ್ತ್ರಿ ಕೆಡಿಸಿದರು.

ಆದ್ದರಿಂದ ಕನ್ನಡ ಉಳಿಸಲು ಹೊರಟ ಗೆಳೆಯರಲ್ಲಿ ನನ್ನ ಬೇಡಿಕೆ ಚಿಕ್ಕದು. ನಿಮ್ಮ ಫಲಕ, ಬಾವುಟ, ಭಾಷಣ ಎಲ್ಲ ಇರಲಿ. ಜೊತೆಗೆ ದಿನಕ್ಕೆ ಐದು ನಿಮಿಷ ನಿಮ್ಮ ಮನೆಯ ಮಗುವಿನ ಜೊತೆ ಕನ್ನಡದಲ್ಲಿ ಯಾವ ಪ್ರಯೋಜನವೂ ಇಲ್ಲದ ಮಾತಾಡಿ. ಅದು ತಪ್ಪು ಹೇಳಿದರೆ ತಿದ್ದಬೇಡಿ, ಅದಕ್ಕಿಂತ ದೊಡ್ಡ ತಪ್ಪು ಹೇಳಿ. ಉಪ್ಪಿಟ್ಟಿಗೆ ಒಂದು ಜೊತೆ ಹುಡುಕಿ, "ಗಿ" ಬಳಸಬಾರದು ಎಂಬುದೊಂದೇ ಷರತ್ತು.

ಇನ್ನು ಕಿರೀಟದ ವಿಷಯ. ಅವಲಕ್ಕಿ ಪವಲಕ್ಕಿಗಿಂತ ಪೆದ್ದಾದ ಹಾಡು ನಿಮ್ಮ ಸೀಮೆಯಲ್ಲಿದೆ ಎಂದು ವಾದಿಸುವವರಿದ್ದರೆ ಬನ್ನಿ, ಉತ್ತರ ಕರ್ನಾಟಕದವರು, ಮಲೆನಾಡಿನವರು, ಕರಾವಳಿಯವರು, ಯಾರಾದರೂ ಸರಿ. ಹಾಡಿ ತೋರಿಸಿ, ನಾನು ಸೋಲಲು ಸಿದ್ಧ. ಆದರೆ ಹಾಡಿದ ಮೇಲೆ "ಇದರ ಹಿಂದೆ ಒಂದು ಗೂಢಾರ್ಥ ಇದೆ" ಎಂದಿರೋ, ನಿಮ್ಮ ಕೈ ಅಲ್ಲಿಂದಲ್ಲಿಗೇ ಹೊರಗೆ.